ರಾಣಿ ರೂಪಾಯಿಯೋ, ಗಾಂಧಿ ಹತ್ತೋ, ಅಂಗಡಿಯ ಲಕ್ಷ್ಮಿಯೋ: ಹಳೆ ಬೆಳ್ಳಿ ನಾಣ್ಯ ಆರಿಸುವ ಬಗೆ

ಹೋದ ದೀಪಾವಳಿ ಕಳೆದ ಮೂರನೇ ದಿನ ಪಕ್ಕದ ಮನೆಯ ಹುಡುಗ ಒಂದು ಸ್ಟೀಲ್ ಡಬ್ಬಿ ತಂದು ನಮ್ಮ ಊಟದ ಮೇಜಿನ ಮೇಲೆ ಸುರಿದ. ಲಕ್ಷ್ಮೀ ಪೂಜೆಗೆ ಇಟ್ಟಿದ್ದ ಬಿಲ್ಲೆಗಳು. ಅರಿಶಿನ ಕುಂಕುಮ ಇನ್ನೂ ಅಂಟಿಕೊಂಡಿತ್ತು. "ಅಂಕಲ್, ಇವೆಲ್ಲಾ ಬೆಳ್ಳೀವೇ ಅಂತಾಳೆ ನಮ್ಮಜ್ಜಿ. ನಾನೂ ಇಂಥವು ಜೋಡಿಸ್ಬೇಕು ಅಂತ ಮಾಡೀನಿ. ಕೈಯಾಗೆ ಹತ್ತು ಸಾವಿರ ಐತೆ. ಏನ್ ತಗೊಳ್ಳಿ ಹೇಳ್ರಿ."

ಎಣಿಸಿದರೆ ಹನ್ನೊಂದಿದ್ದವು. ಮೊದಲು ಮಾಡಿದ ಕೆಲಸವೆಂದರೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಗಣಪತಿಯನ್ನು ಕಿತ್ತು ತಂದು, ಅದರ ಬೆನ್ನಿನ ಅಯಸ್ಕಾಂತವನ್ನು ಒಂದೊಂದರ ಮೇಲೂ ಆಡಿಸಿದ್ದು. ಎರಡು ಬಿಲ್ಲೆ ಟಕ್ಕಂತ ಹಾರಿ ಅಂಟಿಕೊಂಡವು. ಹುಡುಗನ ಮುಖ ಸಣ್ಣದಾಯಿತು. 1947ರ ರೂಪಾಯಿಗಳು ಅವು, ಹಿಂದೆ ಹುಲಿಯ ಚಿತ್ರ ಇರುವಂಥವು. ಆರನೇ ಜಾರ್ಜ್‌ನ ತಲೆ ಇದೆ, ಬೆಳ್ಳಗಿದೆ, ತೂಕವೂ ಬೆಳ್ಳಿ ರೂಪಾಯಿಯಷ್ಟೇ. ಆದರೆ ಬರೀ ನಿಕ್ಕಲ್. ಬೆಳ್ಳಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ನಿಕ್ಕಲ್ ಅಂಟುತ್ತದೆ. ನಮ್ಮೂರಲ್ಲಿ ಎಷ್ಟು ಮನೆಯ ಪೂಜೆ ಡಬ್ಬಿಗಳಲ್ಲಿ ಈ ಹುಲಿ ರೂಪಾಯಿ ಬೆಳ್ಳಿಯೆಂದು ಕೂತಿದೆಯೋ ಆ ದೇವರೇ ಬಲ್ಲ.

ಉಳಿದ ಒಂಬತ್ತರಲ್ಲಿ ಐದನೇ ಜಾರ್ಜ್‌ನ ರೂಪಾಯಿ ಮೂರು, 1885ರ ವಿಕ್ಟೋರಿಯಾ ಒಂದು (ತಲೆಯ ಮೇಲೆ ಕೊಂಡಿ ಬೆಸೆದಿದ್ದು), 1944ರ ರೂಪಾಯಿ ಎರಡು, 1969ರ ಗಾಂಧಿ ಹತ್ತು ರೂಪಾಯಿ ಒಂದು, ಸರಾಫರ ಅಂಗಡಿಯ ಹೊಸ ಲಕ್ಷ್ಮಿ ಒಂದು, ರಾಮ ಪಟ್ಟಾಭಿಷೇಕದ ಟಂಕ ಒಂದು. ಇಷ್ಟರಲ್ಲಿ ಒಬ್ಬ ಹೊಸಬ ತಿಳಿಯಬೇಕಾದ ಬಹುಪಾಲು ವಿಷಯ ಬಂದುಬಿಡುತ್ತದೆ. ಆದ್ದರಿಂದ ಅದೇ ಡಬ್ಬಿಯನ್ನು ಇಟ್ಟುಕೊಂಡೇ ಹೇಳುತ್ತೇನೆ.

ತೂಕದ ಬೆಲೆ, ಅಚ್ಚಿನ ಬೆಲೆ

ಹಳೆ ಬೆಳ್ಳಿ ನಾಣ್ಯಕ್ಕೆ ಎರಡು ಬೆಲೆ. ಕರಗಿಸಿದರೆ ಎಷ್ಟು ಬೆಳ್ಳಿ ಸಿಗುತ್ತದೆ ಅನ್ನುವುದು ಒಂದು. ಅದರ ಮೇಲಿನ ಅಚ್ಚು, ಇಸವಿ, ಟಂಕಸಾಲೆ, ಅದು ಎಷ್ಟು ಸವೆದಿದೆ ಅನ್ನುವುದರ ಮೇಲೆ ಸಂಗ್ರಾಹಕ ಕೊಡುವುದು ಇನ್ನೊಂದು. ಕೊಳ್ಳುವ ಮೊದಲು ಈ ಎರಡರಲ್ಲಿ ಯಾವುದಕ್ಕೆ ದುಡ್ಡು ಕೊಡುತ್ತಿದ್ದೀರಿ ಅನ್ನುವುದು ಗೊತ್ತಿರಬೇಕು. ನಾನು ನೋಡಿದ ನಷ್ಟಗಳೆಲ್ಲ ಇದೊಂದು ಗೊಂದಲದಲ್ಲೇ ಆದವು. ತೂಕಕ್ಕೆ ಹೋಗಬೇಕಾದ ಬಿಲ್ಲೆಗೆ ಅಚ್ಚಿನ ಬೆಲೆ ಕೊಟ್ಟವರಿದ್ದಾರೆ, ಅಚ್ಚಿನ ಬೆಲೆ ಸಿಗಬೇಕಾದ್ದನ್ನು ತಕ್ಕಡಿಗೆ ಹಾಕಿ ಬಂದವರೂ ಇದ್ದಾರೆ.

ತೂಕದ ಲೆಕ್ಕ ಸುಲಭ. ಈಸ್ಟ್ ಇಂಡಿಯಾ ಕಂಪನಿ 1835ರಲ್ಲಿ ತನ್ನ ಆಡಳಿತದ ಪ್ರದೇಶಕ್ಕೆಲ್ಲ ಒಂದೇ ರೂಪಾಯಿ ತಂದಿತು. 180 ಗ್ರೇನ್ ತೂಕ, ಅಂದರೆ 11.66 ಗ್ರಾಂ; ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಒಂದು ತೊಲವೂ ಅಷ್ಟೇ ತೂಕ, ಅದಕ್ಕೇ ಹಳೇ ಸರಾಫರು ತೊಲವನ್ನು 'ರೂಪಾಯಿ ತೂಕ' ಅನ್ನುವುದು. ನಾಲ್ಕನೇ ವಿಲಿಯಂ, ವಿಕ್ಟೋರಿಯಾ, ಏಳನೇ ಎಡ್ವರ್ಡ್, ಐದನೇ ಜಾರ್ಜ್, ಆರನೇ ಜಾರ್ಜ್‌ನ ಮೊದಲ ವರ್ಷಗಳು, ಅಂದರೆ 1939ರವರೆಗೂ ಇದೇ ಪ್ರಮಾಣ. ಒಂದು ರೂಪಾಯಿಯಲ್ಲಿ 10.69 ಗ್ರಾಂ ಶುದ್ಧ ಬೆಳ್ಳಿ. ಎಂಟಾಣೆಯಲ್ಲಿ ಅದರರ್ಧ, ಪಾವಲಿಯಲ್ಲಿ ಕಾಲು. ಇಷ್ಟು ನಂಬಿಕೆಯ ಬೆಳ್ಳಿ ಅಂತಲೇ ನಮ್ಮ ಕಡೆಯ ಮನೆಗಳಲ್ಲಿ ರೂಪಾಯಿ ಕರಗಿಸಿ ಕರಡಿಗೆ, ಉಡಿದಾರ, ಕಾಲ್ಕಡಗ ಮಾಡಿಸುತ್ತಿದ್ದರು. ನಮ್ಮ ತಾತನ ಕರಡಿಗೆಯೂ ಹಾಗೆ ಆದದ್ದೇ. ಅದರಲ್ಲಿ ಯಾವ ಯಾವ ಇಸವಿ ಕರಗಿ ಹೋದವೋ ಅಂತ ಈಗ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಇರಲಿ.

ಲೆಕ್ಕ ಸುಲಭವಾಗಲಿ ಅಂತ ಬೆಳ್ಳಿ ಗ್ರಾಮಿಗೆ 100 ರೂಪಾಯಿ ಅಂದುಕೊಳ್ಳೋಣ. ಇವತ್ತಿನ ದರ ಎಷ್ಟಿದೆಯೋ ಅದಕ್ಕೆ ನೀವು ಹೊಂದಿಸಿಕೊಳ್ಳಿ. ಜಾರ್ಜ್ ಅಥವಾ ರಾಣಿ ರೂಪಾಯಿಯ ತೂಕದ ಬೆಲೆ 1,069. 1944ರ ರೂಪಾಯಿಯದು 583 ಮಾತ್ರ, ಯಾಕೆಂದರೆ 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಅರ್ಧವಷ್ಟೇ ಬೆಳ್ಳಿ, ಉಳಿದದ್ದು ತಾಮ್ರ 40, ನಿಕ್ಕಲ್ 5, ಸತು 5 ಪಾಲು. ಗಾಂಧಿ ಹತ್ತು 15 ಗ್ರಾಂ, ಅದರಲ್ಲಿ ನೂರಕ್ಕೆ 80 ಬೆಳ್ಳಿ, ಹಾಗಾಗಿ 1,200. ಸ್ವಾತಂತ್ರ್ಯದ 25ನೇ ವರ್ಷಕ್ಕೆ 1972ರಲ್ಲಿ ಬಂದ ಹತ್ತು ರೂಪಾಯಿ ಕೈಗೆ ಅದಕ್ಕಿಂತ ಭಾರ, 22.5 ಗ್ರಾಂ, ಆದರೆ ಅರ್ಧ ಬೆಳ್ಳಿ, 1,125. ಹೈದರಾಬಾದಿನ ಚಾರ್‌ಮಿನಾರ್ ರೂಪಾಯಿ 11.18 ಗ್ರಾಂ, ಸಾವಿರಕ್ಕೆ 818 ಪಾಲು ಬೆಳ್ಳಿ, ಸುಮಾರು 914. 1940ರ ದಶಕದವು ಅದೂ ಇಲ್ಲ, ಅರ್ಧಕ್ಕಿಳಿದವು.

ಇದು ನೆಲಗಟ್ಟು. ಯಾವ ಬಿಲ್ಲೆಯ ಬೆಲೆಯೂ ಇದಕ್ಕಿಂತ ಕೆಳಗೆ ಹೋಗುವುದಿಲ್ಲ. ಮೇಲಿನ ಅಂತಸ್ತಿನಲ್ಲೇ ಆಟ ಇರುವುದು.

ಮೂವರು ದೊರೆಗಳಲ್ಲಿ ಯಾರು?

ಹೊಸಬರಿಗೆ ನನ್ನ ಉತ್ತರ ಐದನೇ ಜಾರ್ಜ್. ಗಡ್ಡ, ಕಿರೀಟ, ಮೈತುಂಬ ನಿಲುವಂಗಿ. ಇವು ಬೇಕಾದಷ್ಟು ಸಿಗುತ್ತವೆ, ಅದರಲ್ಲೂ 1916ರಿಂದ 1920ರವರೆಗಿನವು. ಅದಕ್ಕೊಂದು ಕಾರಣ ಇದೆ. ಮೊದಲ ಮಹಾಯುದ್ಧದಲ್ಲಿ ಇಲ್ಲಿಂದ ಗೋಧಿ, ಸೆಣಬು, ಹತ್ತಿ ಎಲ್ಲ ಹಡಗು ಹತ್ತಿತು. ಬೆಲೆ ಪಡೆಯುವ ರೈತನಿಗೆ ಕಾಗದ ಬೇಡ, ಬೆಳ್ಳಿ ಬೇಕು. ಬೆಳ್ಳಿ ಸಾಲದಾಗಿ 1917ರ ನವೆಂಬರಿನಲ್ಲಿ ಒಂದು ರೂಪಾಯಿಯ ನೋಟು ಹೊರಡಿಸಿದರು. ಮರುವರ್ಷ ಅಮೆರಿಕದವರು ಪಿಟ್‌ಮನ್ ಕಾಯ್ದೆ ಮಾಡಿ ತಮ್ಮ ಕೋಟಿಗಟ್ಟಲೆ ಬೆಳ್ಳಿ ಡಾಲರ್ ಕರಗಿಸಿ ಬ್ರಿಟನ್ನಿಗೆ ಮಾರಿದರು, ಆ ಬೆಳ್ಳಿ ಇಲ್ಲಿನ ಟಂಕಸಾಲೆಗೆ ಬಂತು. ಹಾಗೆ ನೋಡಿದರೆ ಹುಡುಗನ ಡಬ್ಬಿಯ 1919ರ ರೂಪಾಯಿಯೊಳಗೆ ಅಮೆರಿಕದ ಡಾಲರ್ ಕೂತಿದ್ದರೂ ಇರಬಹುದು.

ಹೇರಳವಾಗಿ ಸಿಗುವುದರಿಂದ ಬೆಲೆ ತೂಕದ ಹತ್ತಿರದಲ್ಲೇ ಇರುತ್ತದೆ. ಅಂದರೆ ತಪ್ಪು ಮಾಡಿದರೂ ಕೈ ಸುಡುವುದಿಲ್ಲ. ಅದೇ ದುಡ್ಡಿಗೆ ಕಿರೀಟದ ಹರಳುಗಳು ಒಂದೊಂದಾಗಿ ಕಾಣುವಂಥ ಒಳ್ಳೆಯ ಸ್ಥಿತಿಯ ಬಿಲ್ಲೆ ಸಿಗುತ್ತದೆ. ವಿಕ್ಟೋರಿಯಾದಲ್ಲಿ ಅಷ್ಟೇ ದುಡ್ಡಿಗೆ ಕೆನ್ನೆ ಸವೆದು ಬೋಳಾದ ರಾಣಿ ಬರುತ್ತಾಳೆ.

ಐದನೇ ಜಾರ್ಜ್‌ನಲ್ಲಿ ಬೇರೆಯಾಗಿ ನಿಲ್ಲುವುದು 1911. ದೊರೆಯ ನಿಲುವಂಗಿಯ ಮೇಲಿನ ಪದಕದ ಸರದಲ್ಲಿ ಒಂದು ಆನೆ ಇದೆ. ಮೊದಲ ಅಚ್ಚಿನಲ್ಲಿ ಅದರ ಸೊಂಡಿಲು, ಕಾಲು ಗಿಡ್ಡವಾಗಿ ಮೂಡಿ ನೋಡುವವರಿಗೆ ಹಂದಿಯಂತೆ ಕಂಡಿತು. ಗಲಾಟೆಯಾಯಿತು. ಜನರ ಕೈಗೆ ಹೋದದ್ದು ಸ್ವಲ್ಪವೇ, ಟಂಕಸಾಲೆಯಲ್ಲಿ ಉಳಿದದ್ದನ್ನು ಸರ್ಕಾರ ಕರಗಿಸಿತು, 1912ರಿಂದ ಸೊಂಡಿಲು ನೆಟ್ಟಗಾದ ಆನೆ ಬಂತು. ಆದ್ದರಿಂದ 1911ಕ್ಕೆ ಅಚ್ಚಿನ ಬೆಲೆ ಜಾಸ್ತಿ. ಯಾರಾದರೂ 1911 ಅಂತ ಕೊಟ್ಟರೆ ಇಸವಿಯೊಂದನ್ನೇ ನಂಬಬೇಡಿ, 1917ರ ಏಳನ್ನು ಒಂದು ಮಾಡುವುದು ಕೆರೆಯುವವನಿಗೆ ದೊಡ್ಡ ಕೆಲಸವಲ್ಲ. ಭೂತಗನ್ನಡಿ ಹಿಡಿದು ಆನೆಯನ್ನೇ ನೋಡಿ.

ಏಳನೇ ಎಡ್ವರ್ಡ್ (1903ರಿಂದ 1910) ಕಿರೀಟವಿಲ್ಲದ ಬೋಳುತಲೆಯ ದೊರೆ. ಇಸವಿ ಎಂಟೇ, ಹಾಗಾಗಿ ಸರಣಿ ಪೂರ್ತಿ ಮಾಡುವ ಆಸೆ ಇರುವವರಿಗೆ ಇದರಷ್ಟು ಚೊಕ್ಕದ್ದು ಇನ್ನೊಂದಿಲ್ಲ. ಆರನೇ ಜಾರ್ಜ್‌ನ 1939ರ ರೂಪಾಯಿ ಮಾತ್ರ ಅಪರೂಪದ್ದರಲ್ಲಿ ಅಪರೂಪ. ಹೊಸಬರಿಗೆ ಯಾರಾದರೂ 1939 ಅಗ್ಗಕ್ಕೆ ಕೊಡುತ್ತೇನೆ ಅಂದರೆ ಎದ್ದು ಬನ್ನಿ.

ವಿಕ್ಟೋರಿಯಾ ಓದುವ ಮನಸ್ಸಿರುವವರಿಗೆ. 1840ರದ್ದರಲ್ಲಿ ತಲೆಯ ಸುತ್ತಿನ ಬರಹ ಒಂದೇ ಸಾಲಾಗಿ ಓಡುವುದು ಒಂದು ಬಗೆ, ತಲೆಯ ಎರಡು ಕಡೆ ಒಡೆದು ನಿಲ್ಲುವುದು ಇನ್ನೊಂದು ಬಗೆ. 1862 ಅಂತ ಇರುವುದೆಲ್ಲ 1862ರದ್ದಲ್ಲ. ಅದೇ ಇಸವಿಯನ್ನು 1874ರವರೆಗೂ ಒತ್ತಿದರು, ಹಿಂಬದಿಯ ಚುಕ್ಕೆಗಳನ್ನು ಎಣಿಸಿ ಬಗೆ ಗುರುತಿಸುತ್ತಾರೆ. 1877ರಿಂದ 'ಕ್ವೀನ್' ಹೋಗಿ 'ಎಂಪ್ರೆಸ್' ಬಂತು. ಇದರ ರುಚಿ ಹತ್ತಿದವರು ಚುಕ್ಕೆ ಎಣಿಸುತ್ತಲೇ ವಯಸ್ಸು ಕಳೆಯುತ್ತಾರೆ, ನನ್ನನ್ನೇ ನೋಡಿ.

ಹುಡುಗನ ಕೊಂಡಿ ಬೆಸೆದ ವಿಕ್ಟೋರಿಯಾಕ್ಕೆ ಅಚ್ಚಿನ ಬೆಲೆ ಇಲ್ಲ. ಕೊಂಡಿ ತೆಗೆಸಿದರೂ ಬೆಸುಗೆಯ ಗುರುತು ಹೋಗುವುದಿಲ್ಲ. ಸರದಲ್ಲಿ ಪೋಣಿಸಿದ್ದು, ತೂತು ಹಾಕಿದ್ದು, ಲಂಬಾಣಿ ತಾಂಡಾಗಳ ಹಳೆ ಹಾರಗಳಿಂದ ಬಿಡಿಸಿದ ಪಾವಲಿಗಳು, ಎಲ್ಲದರ ಗತಿಯೂ ಇದೇ. ಆ ಹಾರವೇ ಇಡಿಯಾಗಿ ಸಿಕ್ಕರೆ ಅದು ಬೇರೆ ಮಾತು, ಅದನ್ನು ಬಿಡಿಸಲೇಬಾರದು.

ಅರ್ಧ ಬೆಳ್ಳಿ, ಗಾಂಧಿ, ಹೊಸ ಲಕ್ಷ್ಮಿ

1940–45ರ ಅರ್ಧ ಬೆಳ್ಳಿಯನ್ನು ಗುರುತಿಸಲು ಅಂಚು ನೋಡಿ. ಹಳೆಯದರಲ್ಲಿ ನೇರ ಗೀರುಗಳಿರುತ್ತವೆ. ಇವುಗಳಲ್ಲಿ ಅಂಚಿನ ನಡುವೆ ಒಂದು ಕಾಲುವೆ, ಅದರೊಳಗೆ ಸಣ್ಣ ಚಿತ್ತಾರ. ಕಳ್ಳನಾಣ್ಯ ತಡೆಯಲು ಮಾಡಿದ ಉಪಾಯ ಅದು. ಬೆಳ್ಳಿ ಅಂತ ಇವನ್ನು ಕೊಳ್ಳಬೇಡಿ. ಸಂಗ್ರಹದ ಪುಟ ತುಂಬಲು ಒಂದೋ ಎರಡೋ ಸಾಕು. 1943ರಲ್ಲಿ ಶುರುವಾದ ಲಾಹೋರ್ ಟಂಕಸಾಲೆಯ 'ಎಲ್' ಅಕ್ಷರ ಇರುವುದು ಸಿಕ್ಕರೆ ಇಟ್ಟುಕೊಳ್ಳಿ.

ಗಾಂಧಿ ಹತ್ತು ಸ್ವತಂತ್ರ ಭಾರತದ ಮೊದಲ ಬೆಳ್ಳಿ ಸ್ಮರಣೆಯ ನಾಣ್ಯ. ನನಗೆ ಪ್ರೀತಿ. ಆದರೆ ಜನ ಆಗಲೇ ಎತ್ತಿಟ್ಟುಕೊಂಡದ್ದರಿಂದ ಹೊಸದರಂತಿರುವುದೇ ಬೇಕಾದಷ್ಟು ಉಳಿದಿವೆ. ಸವೆದದ್ದಕ್ಕೆ ತೂಕಕ್ಕಿಂತ ಒಂದು ರೂಪಾಯಿ ಹೆಚ್ಚು ಕೊಡಬೇಡಿ. ಸರ್ಕಾರದ ಟಂಕಸಾಲೆಗಳು ಇವತ್ತಿಗೂ ಮಾರುವ ಸ್ಮರಣೆಯ ಬೆಳ್ಳಿ ನಾಣ್ಯಗಳಿಗೂ ಇದೇ ಮಾತು ಹೊಂದುತ್ತದೆ. ಪೆಟ್ಟಿಗೆ ಚಂದ, ಬೆಲೆ ಟಂಕಸಾಲೆಯದು, ಮರುಮಾರಾಟಕ್ಕೆ ತಾಳ್ಮೆ ಬೇಕು.

ಸರಾಫರ ಅಂಗಡಿಯ ಲಕ್ಷ್ಮಿ, ಗಣಪತಿಯ ಬಿಲ್ಲೆಗಳು ನಾಣ್ಯವೇ ಅಲ್ಲ, ನಾಣ್ಯದ ಆಕಾರದ ಬೆಳ್ಳಿ. ಕೊಳ್ಳುವಾಗ ಮಜೂರಿ, ಮೇಲೆ ಶೇಕಡಾ 3ರ ಜಿಎಸ್‌ಟಿ. ಮಾರುವಾಗ ಬರೀ ತೂಕ. ಹಬ್ಬಕ್ಕೆ, ಮಗುವಿನ ನಾಮಕರಣಕ್ಕೆ ಸರಿ. ಸಂಗ್ರಹವೆಂದು ಇದಕ್ಕೆ ದುಡ್ಡು ಹಾಕಬೇಡಿ. ರಾಮಟಂಕವೂ ನಾಣ್ಯವಲ್ಲ, ದೇವರ ಮನೆಯ ವಸ್ತು. ಇದರ ತಮ್ಮಂದಿರು ಕೆಲವರಿದ್ದಾರೆ: ಹನುಮಂತ, ರಾಮ, ಕಮಲದ ಚಿತ್ರ ಹಾಕಿ 'ಈಸ್ಟ್ ಇಂಡಿಯಾ ಕಂಪನಿ 1818' ಅಥವಾ '1616' ಅಂತ ಬರೆದಿರುವವು. ಕಂಪನಿ ಇಂಥದ್ದನ್ನು ಎಂದೂ ಒತ್ತಿಸಲಿಲ್ಲ. ಲಕ್ಷಗಟ್ಟಲೆ ಬೆಲೆ ಹೇಳುವ ವಿಡಿಯೋಗಳಲ್ಲಿ ಬರುವುದು ಹೆಚ್ಚಾಗಿ ಇವೇ. ಅಕ್ಕಿ ಕಾಳು ಎಳೆಯುತ್ತದೆ ಅನ್ನುವ 'ರೈಸ್ ಪುಲ್ಲರ್' ಬಿಲ್ಲೆ ತಂದವರನ್ನಂತೂ ಮನೆಯ ಗೇಟಿನಿಂದಾಚೆಗೇ ಮಾತಾಡಿಸಿ ಕಳಿಸಿ.

ಟಿಪ್ಪುವಿನ ರೂಪಾಯಿ, ಒಂದು ಲೋಟ ನೀರು

ನಮ್ಮ ಭಾಗದ ಯಾರಿಗಾದರೂ ಎರಡು ವರ್ಷ ಇದರ ಹುಚ್ಚು ಹತ್ತಿದ ಮೇಲೆ ಮೈಸೂರಿನ ನಾಣ್ಯದ ಆಸೆ ಬಂದೇ ಬರುತ್ತದೆ. ಟಿಪ್ಪು ಸುಲ್ತಾನ ತನ್ನ ಬೆಳ್ಳಿ ನಾಣ್ಯಗಳಿಗೆ ಒಂದೊಂದಕ್ಕೂ ಹೆಸರಿಟ್ಟಿದ್ದ: ಎರಡು ರೂಪಾಯಿಯದು ಹೈದರಿ, ರೂಪಾಯಿ ಇಮಾಮಿ, ಅರ್ಧ ಆಬಿದಿ, ಕಾಲು ಬಾಖಿರಿ. ಆಮೇಲಿನ ವರ್ಷಗಳಲ್ಲಿ ಮೌಲೂದಿ ಅನ್ನುವ ತನ್ನದೇ ಕಾಲಗಣನೆ ತಂದು ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಇದೆಲ್ಲ ಓದಿದವನಿಗೆ ಕೈ ತುರಿಸುತ್ತದೆ. ನನಗೂ ತುರಿಸಿತ್ತು.

ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆಯ ಸಮಯ. ಊರೆಲ್ಲ ನೆಂಟರು. ಬೀದಿ ಬದಿ ಹಳೆ ಸಾಮಾನು ಹರಡಿಕೊಂಡು ಕೂತಿದ್ದವನೊಬ್ಬನ ಹತ್ತಿರ ಒಂದು ಇಮಾಮಿ. ಕಪ್ಪಡರಿತ್ತು, ಅಕ್ಷರ ತುಂಬ ಚೆನ್ನಾಗಿತ್ತು. "ನಮ್ಮ ಮುತ್ತಜ್ಜನ ಕಾಲದ್ದು ಸಾಮಿ" ಅಂದ. ಅರ್ಧ ತಿಂಗಳ ಸಂಬಳ ಕೊಟ್ಟು ತಂದೆ. ಎಂಟು ದಿನ ತಲೆದಿಂಬಿನ ಕೆಳಗೇ ಇತ್ತು. ಒಂಬತ್ತನೇ ದಿನ ಪರಿಚಯದ ಪತ್ತಾರರ ಬಳಿ ಒಯ್ದೆ. ಅವರು ಏನೂ ಅನ್ನಲಿಲ್ಲ, ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟರು.

ಈ ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು, ಅದಕ್ಕೇ ಬಿಡಿಸಿ ಹೇಳುತ್ತೇನೆ. ನೂರರ ಒಂದು ಭಾಗ ಗ್ರಾಂ ತೋರಿಸುವ ಸಣ್ಣ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಒಣಗಿದ್ದಾಗ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಮುಕ್ಕಾಲು ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಸಣ್ಣ ದಾರದ ಕುಣಿಕೆ ಹಾಕಿ, ತಳಕ್ಕೂ ಬದಿಗೂ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಕೈಯಲ್ಲೇ ಹಿಡಿದಿರಿ. ಗುಳ್ಳೆ ಅಂಟಿದ್ದರೆ ಅಲುಗಾಡಿಸಿ ಬಿಡಿಸಿ. ಈಗ ತಕ್ಕಡಿ ತೋರಿಸುವ ಅಂಕಿಯಿಂದ ಮೊದಲಿನ ತೂಕವನ್ನು ಭಾಗಿಸಿ. 11.66 ಗ್ರಾಂನ ಒಳ್ಳೆಯ ರೂಪಾಯಿಗೆ ತಕ್ಕಡಿ 1.13 ತೋರಿಸುತ್ತದೆ, ಭಾಗಿಸಿದರೆ 10.3ರ ಆಸುಪಾಸು. 1944ರ ಅರ್ಧ ಬೆಳ್ಳಿ 1.22 ತೋರಿಸುತ್ತದೆ, ಉತ್ತರ 9.5. ತಾಮ್ರ, ನಿಕ್ಕಲ್ಲಿನ ಕಳ್ಳಬಿಲ್ಲೆ 1.3 ದಾಟುತ್ತದೆ, ಉತ್ತರ 9ರ ಕೆಳಗೆ. ಸವೆದ ನಾಣ್ಯಕ್ಕೂ ಇದು ನಡೆಯುತ್ತದೆ, ಏಕೆಂದರೆ ತೂಕ ಇಳಿದಂತೆ ಗಾತ್ರವೂ ಇಳಿದಿರುತ್ತದೆ.

ನನ್ನ ಇಮಾಮಿಗೆ 8.7 ಬಂತು. ಜರ್ಮನ್ ಸಿಲ್ವರ್, ಅಂದರೆ ಹೆಸರಲ್ಲಷ್ಟೇ ಬೆಳ್ಳಿ, ಒಳಗೆಲ್ಲ ತಾಮ್ರ, ನಿಕ್ಕಲ್, ಸತು. ಪತ್ತಾರರು ಭೂತಗನ್ನಡಿಯಲ್ಲಿ ಅಂಚು ತೋರಿಸಿದರು: ಎರಡು ಅಚ್ಚಿನ ಭಾಗ ಕೂಡಿದ ಕಡೆ ಸಣ್ಣದೊಂದು ಗೆರೆ ಸುತ್ತಲೂ ಓಡಿತ್ತು. ಮೇಲ್ಮೈ ಮೇಲೆ ಸೂಜಿ ಚುಚ್ಚಿದಂಥ ತೂತುಗಳು. ಸುತ್ತಿಗೆಯಲ್ಲಿ ಬಡಿದು ಮುದ್ರೆ ಒತ್ತಿದ ನಾಣ್ಯಕ್ಕೆ ಇವೆರಡೂ ಇರುವುದಿಲ್ಲ, ಎರಕ ಹೊಯ್ದದ್ದಕ್ಕೆ ಇರುತ್ತವೆ. "ಕಪ್ಪು ಎಲ್ಲಿಂದ ಬಂತು ಹಂಗಾದ್ರೆ?" ಅಂದೆ. "ಮಣ್ಣಾಗ ಹೂತ್ರೂ ಬರ್ತತಿ, ಬೆಂಕಿ ಹಚ್ಚಿದ್ರೂ ಬರ್ತತಿ. ಟೀ ಕುಡೀರಿ ಸರ" ಅಂದರು.

ಒಂದು ಎಚ್ಚರ: ಈ ನೀರಿನ ಪರೀಕ್ಷೆ ಲೋಹವನ್ನು ಹೇಳುತ್ತದೆಯೇ ಹೊರತು ಅಚ್ಚು ನಿಜವೋ ಸುಳ್ಳೋ ಅನ್ನುವುದನ್ನಲ್ಲ. ಒಳ್ಳೆ ಬೆಳ್ಳಿಯಲ್ಲೇ ಅಪರೂಪದ ನಾಣ್ಯದ ನಕಲು ಮಾಡಿದರೆ ಪಾಸಾಗುತ್ತದೆ. ಆದ್ದರಿಂದ ಟಿಪ್ಪು, ಮೊಗಲರು, ಐದು ಮುದ್ರೆಯ ಮೌರ್ಯರ ಕಾಲದ ಮುದ್ರಾಂಕಿತ ನಾಣ್ಯ, ಇವೆಲ್ಲ ಹೊಸಬರಿಗೆ ಬೇಡ. ನೂರು ನಿಜವಾದವನ್ನು ಕೈಯಲ್ಲಿ ಹಿಡಿದ ಮೇಲೆ ಕೊಳ್ಳಿ, ಅದೂ ಬರೆದ ರಸೀದಿ ಕೊಡುವವರ ಹತ್ತಿರ.

ಆಸೆ ತಡೆಯಲಾಗದವರಿಗೆ ಬೆಳ್ಳಿಯಲ್ಲದ ಒಂದು ದಾರಿ ಹೇಳುತ್ತೇನೆ. ಟಿಪ್ಪುವಿನ ಕಾಲದಲ್ಲಿ ಚಿತ್ರದುರ್ಗದಲ್ಲೂ ಟಂಕಸಾಲೆ ಇತ್ತು. ಕೋಟೆಗೆ ಅವನು ಇಟ್ಟ ಹೆಸರು ಫರ್ರುಖ್‌ಯಾಬ್ ಹಿಸಾರ್, ಅದೇ ಹೆಸರು ಆನೆಯ ಚಿತ್ರದ ತಾಮ್ರದ ಪೈಸೆಗಳ ಮೇಲೆ ಬರುತ್ತದೆ. ಶ್ರೀರಂಗಪಟ್ಟಣದ ಪೈಸೆಯಷ್ಟು ಸುಲಭವಾಗಿ ಸಿಗುವುದಿಲ್ಲ, ಆದರೂ ಬೆಳ್ಳಿಯ ಇಮಾಮಿಗೆ ಹೋಲಿಸಿದರೆ ತಾಮ್ರಕ್ಕೆ ಬಹಳ ಕಡಿಮೆ ಸಾಕು. ನಮ್ಮ ದುರ್ಗದಲ್ಲೇ ಒತ್ತಿದ ನಾಣ್ಯ ನಮ್ಮ ಪೆಟ್ಟಿಗೆಯಲ್ಲಿ ಇರುವುದಕ್ಕೆ ಬೇರೆಯೇ ಖುಷಿ. ಇನ್ನೂ ಹಿಂದಕ್ಕೆ ಹೋಗಬೇಕೆಂದರೆ ಕೊಳ್ಳುವ ಮಾತು ಬಿಟ್ಟು ನೋಡುವ ಮಾತು: ಕೋಟೆಯ ಮಗ್ಗುಲಿನ ಚಂದ್ರವಳ್ಳಿಯಲ್ಲಿ ಅಗೆದಾಗ ಶಾತವಾಹನರ ಕಾಲದ ಸೀಸದ ನಾಣ್ಯಗಳ ಜತೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್, ಟೈಬೀರಿಯಸ್‌ರ ಬೆಳ್ಳಿ ದಿನಾರಿಗಳು ಸಿಕ್ಕಿದ್ದವು. ಎರಡು ಸಾವಿರ ವರ್ಷದ ಹಿಂದೆಯೇ ಈ ಕಣಿವೆಗೆ ಪರದೇಶದ ಬೆಳ್ಳಿ ಬಂದು ಬಿದ್ದಿತ್ತು.

ಉಜ್ಜಬೇಡಿ

ಹುಡುಗನ ಅಜ್ಜಿ ಹಬ್ಬಕ್ಕೆಂದು ಎಲ್ಲವನ್ನೂ ಹುಣಸೆಹಣ್ಣು ಹಚ್ಚಿ, ಆಮೇಲೆ ವಿಭೂತಿಯಲ್ಲಿ ಉಜ್ಜಿ ಫಳಫಳ ಮಾಡಿದ್ದರು. ಮನೆಯ ತಂಬಿಗೆಗೆ ಸರಿ. ನಾಣ್ಯಕ್ಕೆ ಅದು ಚರ್ಮ ಸುಲಿದ ಹಾಗೆ. ಬೆಳ್ಳಿಯ ಮೇಲಿನ ಕಪ್ಪು ಗಂಧಕದ ಜತೆ ಸೇರಿ ಬಂದ ತೆಳು ಪದರ; ಅದು ಸಮವಾಗಿ ಕೂತಿದ್ದರೆ ಸಂಗ್ರಾಹಕ ಮೆಚ್ಚಿ ಕೊಳ್ಳುತ್ತಾನೆ. ಉಜ್ಜಿದ ಬಿಲ್ಲೆಯನ್ನು ದೀಪದ ಕೆಳಗೆ ಓರೆ ಮಾಡಿದರೆ ಕೂದಲೆಳೆಯಂಥ ಗೀರುಗಳು ಕಾಣುತ್ತವೆ, ಅಚ್ಚಿನ ಬೆಲೆ ಅಲ್ಲಿಗೇ ಅರ್ಧ. ನಾನು ಶುರುವಿನಲ್ಲಿ 1840ರ ಒಂದನ್ನು ಹೀಗೇ ಹಾಳು ಮಾಡಿದ್ದೇನೆ, ಇವತ್ತಿಗೂ ಅದನ್ನು ಮಾರಿಲ್ಲ, ನೆನಪಿಗಿರಲಿ ಅಂತ.

ಮಣ್ಣಿದ್ದರೆ ಶುದ್ಧ ನೀರಲ್ಲಿ ಅದ್ದಿ, ಹತ್ತಿಬಟ್ಟೆಯ ಮೇಲೆ ಒರೆಸದೆ ಇಟ್ಟು ಒಣಗಿಸಿ. ಇಡುವುದು ರಟ್ಟಿನ ಚೌಕದಲ್ಲೋ ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲೋ ಆಗಲಿ. ಮೆದು ಪಿವಿಸಿ ಆಲ್ಬಮ್ ಬೇಡ, ಕೆಲವು ವರ್ಷಕ್ಕೆ ಹಸಿರು ಅಂಟು ಬಿಡುತ್ತದೆ. ರಬ್ಬರ್ ಬ್ಯಾಂಡ್ ಹತ್ತಿರಕ್ಕೂ ಬರಬಾರದು, ಅದರಲ್ಲಿನ ಗಂಧಕ ಬೆಳ್ಳಿಯನ್ನು ಕಪ್ಪಗೆ ಮಾಡುತ್ತದೆ.

ಸ್ಥಿತಿಗೆ ವ್ಯಾಪಾರಿಗಳು, ಸವೆದದ್ದರಿಂದ ಶುರುಮಾಡಿ ಹೊಸದರಂತಿರುವುದರವರೆಗೆ, ಫೈನ್, ವೆರಿ ಫೈನ್, ಎಕ್ಸ್‌ಟ್ರಾ ಫೈನ್, ಅನ್‌ಸರ್ಕ್ಯುಲೇಟೆಡ್ ಅನ್ನುತ್ತಾರೆ. ಮಾರುವವನ ಬಾಯಲ್ಲಿ ಎಲ್ಲವೂ ಒಂದು ಮೆಟ್ಟಿಲು ಮೇಲೆ, ಕೊಳ್ಳುವವನಾಗಿ ಬಂದಾಗ ಅದೇ ಬಾಯಲ್ಲಿ ಎರಡು ಮೆಟ್ಟಿಲು ಕೆಳಗೆ. ನೀವೇ ನೋಡಿ: ಎಡ್ವರ್ಡ್‌ನಲ್ಲಿ ಕಿವಿಯ ಮೇಲಿನ ಕೂದಲು, ವಿಕ್ಟೋರಿಯಾದಲ್ಲಿ ಹುಬ್ಬಿನ ಮೇಲಿನ ಕೂದಲು ಮತ್ತು ರವಿಕೆಯ ಹೂವು, ಜಾರ್ಜ್‌ನಲ್ಲಿ ಕಿರೀಟ ಮತ್ತು ಆನೆ. ಮೊದಲು ಸವೆಯುವುದು ಇವೇ.

ಎಲ್ಲಿ ಕೊಳ್ಳಬೇಕು, ಎಲ್ಲಿ ಮಾರಬೇಕು

ಸರಾಫರ ಅಂಗಡಿ, ನಾಣ್ಯದ ವ್ಯಾಪಾರಿ, ಹರಾಜು, ಆನ್‌ಲೈನ್. ನಾಲ್ಕೂ ನೋಡಿದ್ದೇನೆ.

ದಾವಣಗೆರೆಯಲ್ಲಿ ಮಂಡಿಪೇಟೆ, ಚೌಕಿಪೇಟೆ ಕಡೆಯ ಹಳೆ ಸರಾಫರಲ್ಲಿ ಕರಗಿಸಲು ಬಂದ ಬಿಲ್ಲೆಗಳ ಗುಡ್ಡೆ ಇರುತ್ತದೆ. ಮುಖಪರಿಚಯ ಇದ್ದರೆ ತೂಕದ ಬೆಲೆಗೆ ಸ್ವಲ್ಪ ಸೇರಿಸಿ ಆರಿಸಿಕೊಳ್ಳಲು ಬಿಡುತ್ತಾರೆ. ಕೊಳ್ಳಲು ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ. ಸಂತೆ, ಮದುವೆ ಸುಗ್ಗಿ ಇರುವಾಗ ಹೋಗಬೇಡಿ, ಮಧ್ಯಾಹ್ನ ಮೂರರ ಹೊತ್ತಿಗೆ ಹೋಗಿ, ಒಂದು ಚಹಾ ಮುಗಿಯುವವರೆಗೂ ಅವಸರ ಮಾಡಬೇಡಿ. ಆದರೆ ಇದೇ ಜಾಗ ಅಪರೂಪದ್ದನ್ನು ಮಾರಲು ಸರಿಯಲ್ಲ. ಅವರಿಗೆ 1911 ಆದರೂ ಒಂದೇ, 1919 ಆದರೂ ಒಂದೇ, ಅದು ಅವರ ತಪ್ಪೂ ಅಲ್ಲ. ಸವೆದದ್ದು, ಕೊಂಡಿಯದು, ಅರ್ಧ ಬೆಳ್ಳಿ, ಇವನ್ನು ಇಲ್ಲಿ ಮಾರಿ. 'ಹಳೇದು, ಕರಗಿಸಿದ್ರೆ ಕಡಿಮೆ ಆಗ್ತದೆ' ಅಂತ ತೂಕದಲ್ಲಿ ಹೆಚ್ಚು ಹಿಡಿದರೆ ಮೇಲಿನ ಪ್ರಮಾಣಗಳನ್ನು ನೆನಪಿಸಿ.

ಅಚ್ಚಿನ ಬೆಲೆ ಬೇಕೆಂದರೆ ನಾಣ್ಯದ ವ್ಯಾಪಾರಿ ಅಥವಾ ಹರಾಜು. ಬೆಂಗಳೂರಿನವರೆಗೆ ಓಡಾಡಲು ಸಿದ್ಧರಿರಬೇಕು. ಹರಾಜಿನವರು ಕಮಿಷನ್ ಹಿಡಿಯುತ್ತಾರೆ, ದುಡ್ಡು ಕೈಗೆ ಬರಲು ತಿಂಗಳುಗಳಾಗುತ್ತವೆ. ಒಂದೆರಡು ಸಾವಿರದ ಬಿಲ್ಲೆಗೆ ಇದು ಗಿಟ್ಟುವುದಿಲ್ಲ. ಹರಾಜುಗಳ ಹಳೆಯ ಪಟ್ಟಿಯಲ್ಲಿ ನಿಜವಾಗಿ ಮಾರಾಟವಾದ ಬೆಲೆ ಇರುತ್ತದೆ, ಅದನ್ನು ನೋಡಿ. ಆನ್‌ಲೈನಿನಲ್ಲಿ ಯಾರೋ ಬರೆದಿಟ್ಟ ಬೆಲೆ ಬರೀ ಆಸೆ.

ಆನ್‌ಲೈನಿನ ಮಾತು ಬಂದದ್ದಕ್ಕೆ: 'ನಿಮ್ಮ ನಾಣ್ಯಕ್ಕೆ ಲಕ್ಷ ಕೊಡುತ್ತೇವೆ, ಮೊದಲು ನೋಂದಣಿ ಶುಲ್ಕ, ತೆರಿಗೆ ಕಟ್ಟಿ' ಅಂತ ರಿಸರ್ವ್ ಬ್ಯಾಂಕಿನ ಹೆಸರು ಹೇಳಿ ಫೋನ್ ಮಾಡುವವರಿದ್ದಾರೆ. ರಿಸರ್ವ್ ಬ್ಯಾಂಕು 2021ರ ಆಗಸ್ಟಿನಲ್ಲೇ ತಾನು ಇಂಥ ವ್ಯವಹಾರ ಮಾಡುವುದಿಲ್ಲ, ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ಎಚ್ಚರಿಸಿದೆ. ಮೊದಲು ದುಡ್ಡು ಕೇಳಿದರೆ ಫೋನ್ ಇಡಿ.

ಕಾನೂನಿನ ಎರಡು ಮಾತು. ಹೊಲ ಉಳುವಾಗಲೋ ಪಾಯ ತೋಡುವಾಗಲೋ ಸಿಕ್ಕ ನಾಣ್ಯದ ಗಡಿಗೆ ನಿಮ್ಮದಲ್ಲ, ನಿಧಿ ಕಾಯ್ದೆಯಂತೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಅದನ್ನು ಕದ್ದು ಕೊಳ್ಳುವುದೂ ತಪ್ಪು. ನೂರು ವರ್ಷ ದಾಟಿದ ನಾಣ್ಯವನ್ನು 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ಹೊರದೇಶಕ್ಕೆ ಕಳಿಸುವಂತಿಲ್ಲ. 1919ರ ಜಾರ್ಜ್‌ಗೂ ಈಗ ನೂರು ತುಂಬಿದೆ, ಅಮೆರಿಕದ ಅಳಿಯನಿಗೆ ಪಾರ್ಸೆಲ್ ಮಾಡುವ ಮುಂಚೆ ಯೋಚಿಸಿ.

ಹುಡುಗನ ಹತ್ತು ಸಾವಿರ

ಅವನಿಗೆ ಹೇಳಿದ್ದು ಇಷ್ಟು. ಭೂತಗನ್ನಡಿ, ಸಣ್ಣ ತಕ್ಕಡಿ, ರಟ್ಟಿನ ಚೌಕಗಳು ಮೊದಲು. ಉಳಿದದ್ದರಲ್ಲಿ ಐದನೇ ಜಾರ್ಜ್ ಒಳ್ಳೆ ಸ್ಥಿತಿಯವು, ಒಂದೊಂದು ಇಸವಿಗೆ ಒಂದೊಂದು. ಹಿಂಬದಿ ಕೆಳಗಿನ ಹೂವಿನ ಹತ್ತಿರ ಸಣ್ಣ ಚುಕ್ಕೆ ಇದ್ದರೆ ಮುಂಬಯಿ, ಇಲ್ಲದಿದ್ದರೆ ಕಲ್ಕತ್ತ, ಎರಡೂ ಇರಲಿ. ಆಮೇಲೆ ಒಂದು ಎಡ್ವರ್ಡ್. ಗಾಂಧಿ ಹೇಗೂ ಇದೆ. ಕೊಂಡಿಯ ರಾಣಿಯನ್ನು ಮಾರಲು ಹೊರಟಿದ್ದವನನ್ನು ಅಜ್ಜಿ ಬೈದು ಕೂರಿಸಿದರಂತೆ, ಅದು ಅವರ ತಾಯಿಯ ಕೊರಳಿನದು.

ಹದಿನೈದು ದಿನ ಕಳೆದು ಮಧ್ಯಾಹ್ನ ಫೋನ್. ಹಿಂದೆ ತಕ್ಕಡಿ, ಬಟ್ಟಲುಗಳ ಸದ್ದು. ಉಸಿರು ಬಿಗಿಹಿಡಿದು ಪಿಸುಗುಟ್ಟುತ್ತಿದ್ದ: "ಅಂಕಲ್, ಗುಡ್ಡೆಯಾಗೆ ಹನ್ನೊಂದು ಐತೆ. ಸೊಂಡ್ಲು ಕಾಣ್ತಾ ಇಲ್ಲ." ಕಳಿಸಿದ ಫೋಟೋದಲ್ಲಿ ಅವನ ಹೆಬ್ಬೆರಳೇ ಹೆಚ್ಚು ಇತ್ತು. ಸ್ಕೂಟರ್ ತೆಗೆದುಕೊಂಡು ಹೋದೆ. ನೋಡಿದರೆ 1917. ಏಳರ ತಲೆ ಸವೆದು ಒಂದರಂತಾಗಿತ್ತು, ಆನೆ ಪೂರ್ತಿ ಅಳಿಸಿತ್ತು, ಕೆಳಗೆ ಮುಂಬಯಿಯ ಚುಕ್ಕೆ ಮಾತ್ರ ಹಾಗೇ ಇತ್ತು. "ಬಿಡು, ತೂಕಕ್ಕೆ ಹಾಕು" ಅಂದೆ. ಹುಡುಗ ಗುಡ್ಡೆಯನ್ನು ಮತ್ತೆ ಕೆದಕತೊಡಗಿದ. ಸರಾಫರು ನನಗೂ ಒಂದು ಸ್ಟೂಲ್ ಎಳೆದು ಹಾಕಿದರು.